ನಮ್ಮವರೆಂಬ ಸಕ್ಕರೆ

ಬಿ ಕೋಶಕ್ಕೆ ಬುದ್ಧಿಯಿಲ್ಲ. ರಕ್ತದಲ್ಲಿ ತೇಲುತ್ತ, ಸಿಕ್ಕಿದ್ದನ್ನೆಲ್ಲ ಮುಟ್ಟಿ ನೋಡುತ್ತದೆ. ಅದರ ಮೈಮೇಲೆ ಕೊಕ್ಕೆಯಂಥ ಒಂದು ಪ್ರೋಟೀನಿದೆ. ಕೊಕ್ಕೆಗೆ ಏನಾದರೂ ಸಿಕ್ಕಿಬಿದ್ದರೆ ಒಳಗೆ ಸುದ್ದಿ ಹೋಗುತ್ತದೆ: ವೈರಿ ಬಂದ, ಪ್ರತಿಕಾಯ ತಯಾರಿಸು. ಪಕ್ಕದಲ್ಲೇ ಇನ್ನೊಂದು ಪ್ರೋಟೀನು ನಿಂತು ಆ ಸುದ್ದಿಯನ್ನು ಹತ್ತು ಪಟ್ಟು ಮಾಡಿ ಹೇಳುತ್ತದೆ. ಎಲ್ಲ ಮನೆಗಳಲ್ಲೂ ಅಂಥವರೊಬ್ಬರು ಇರುತ್ತಾರೆ. ಮೂರನೆಯದರ ಹೆಸರು ಸಿಡಿ-22. ಅದು ಬ್ರೇಕು. ನಮ್ಮ ದೇಹದ ಕೋಶಗಳೆಲ್ಲ ಮೈಗೆ ಒಂದು ಬಗೆಯ ಸಕ್ಕರೆ ಸವರಿಕೊಂಡಿರುತ್ತವೆ. ಸಿಡಿ-22 ಆ ಸಕ್ಕರೆಯನ್ನು ತಡವಿ ನೋಡಿ, ಇವರು ನಮ್ಮವರು, ಸುಮ್ಮನಿರು ಎಂದು ಬ್ರೇಕು ಒತ್ತುತ್ತದೆ.

ಕೆಲವು ರೋಗಾಣುಗಳೂ ಅದೇ ಸಕ್ಕರೆ ಸವರಿಕೊಂಡು ಬರುತ್ತವೆ. ಅವೂ ನಮ್ಮವರೇ ಆಗಿಬಿಡುತ್ತವೆ. ದೇಹ ಅವುಗಳಿಗೆ ಮಣೆ ಹಾಕುತ್ತದೆ.

ಹಿನ್ನೀರು ಜ್ವರ ಅಂಥದ್ದು. ಜಲಾಶಯದ ಅಂಚಿನ ಊರುಗಳಲ್ಲಿ ಮೊದಲು ಕಂಡದ್ದರಿಂದ ಆ ಹೆಸರು. ಲಸಿಕೆ ಹಾಕಿದರೂ ಬಿ ಕೋಶಗಳು ತೂಕಡಿಸುತ್ತಿದ್ದವು. ಮೂರು ಮಳೆಗಾಲ ಜನ ಸತ್ತ ಮೇಲೆ ಮೈಸೂರಿನ ನಮ್ಮ ಸಂಸ್ಥೆಯ ನಿರ್ದೇಶಕರು, ಡಾಕ್ಟರ್ ಪಂಚಾಕ್ಷರಾರಾಧ್ಯರು, ಒಂದು ಪ್ರಶ್ನೆ ಕೇಳಿದರು: ಆ ಬ್ರೇಕನ್ನೇ ಕೆಲವು ವಾರ ತೆಗೆದಿಟ್ಟರೆ? ಪ್ರಶ್ನೆ ಒಳ್ಳೆಯದೇ. ಅದಕ್ಕೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಸಿಕ್ಕಿತು.

ಹೀಗೆ ಹುಟ್ಟಿದ ಚುಚ್ಚುಮದ್ದಿಗೆ 'ತೆರವು' ಎಂದು ಹೆಸರಿಟ್ಟರು. ಮೊದಲು ತೆರವು, ಆಮೇಲೆ ಸಣ್ಣ ಪ್ರಮಾಣದ ಲಸಿಕೆ. ಬ್ರೇಕಿಲ್ಲದ ಬಿ ಕೋಶಗಳು ಎದ್ದು ಕೆಲಸ ಶುರುಮಾಡುತ್ತವೆ. ನಂತರ ಕಾಯಬೇಕು. ಕೋಶಗಳ ಮೈಮೇಲೆ ಬ್ರೇಕು ಮತ್ತೆ ಬೆಳೆಯಬೇಕು. ಒಬ್ಬರಿಗೆ ಬೇಗ, ಒಬ್ಬರಿಗೆ ತಡ. ಬೆಳೆದದ್ದು ಖಾತ್ರಿಯಾದ ಮೇಲೆ ದೊಡ್ಡ ಪ್ರಮಾಣದ ಎರಡನೇ ಲಸಿಕೆ. ಅಲ್ಲಿಗೆ ಆಯುಷ್ಯಪೂರ್ತಿ ಹಿನ್ನೀರು ಜ್ವರದ ಭಯವಿಲ್ಲ. ಬೆಳೆಯುವ ಮೊದಲೇ ಹಾಕಿದರೆ ಬಿ ಕೋಶಗಳು ವೈರಿಯ ಜೊತೆ ಮನೆಯವರನ್ನೂ ಹೊಡೆಯಲು ತೊಡಗುತ್ತವೆ. ಮೊದಲ ಏಟು ಕೆಂಪು ರಕ್ತಕಣಗಳಿಗೆ.

ಮಧುಕೇಶನಿಗೆ ಆದದ್ದು ಅದು. ಮಧುಕೇಶ ನನ್ನ ಗಂಡ. ಇದೇ ಸಂಸ್ಥೆಯಲ್ಲಿ ತಂತ್ರಜ್ಞನಾಗಿದ್ದ. ಪ್ರಯೋಗದ ಮೊದಲ ತಂಡಕ್ಕೆ ತಾನಾಗಿ ತೋಳು ಕೊಟ್ಟ. ಪರೀಕ್ಷೆಯಲ್ಲಿ ಬ್ರೇಕು ಬಂದಿದೆ ಎಂದಾಯಿತು. ವಿಜಯದಶಮಿಯ ದಿನ ಎರಡನೇ ಲಸಿಕೆ ಹಾಕಿದರು. ದೀಪಾವಳಿ ಹತ್ತಿರ ಬರುವಾಗ ಕಣ್ಣು ಹಳದಿ, ಉಗುರು ಹಳದಿ. ಅತ್ತೆ ಕಾಮಾಲೆ ಎಂದು ನಂಜನಗೂಡಿನ ಕಡೆಯಿಂದ ಸೊಪ್ಪಿನ ರಸ ತರಿಸಿದರು. ಆಸ್ಪತ್ರೆಯವರು ಹಾಕಿದ ರಕ್ತವನ್ನೆಲ್ಲ ಅವನ ದೇಹ ಒಡೆದುಹಾಕಿತು. ಬೀದಿಯ ಪಟಾಕಿ ಕಸ ಗುಡಿಸುವ ಮೊದಲೇ ಹೋದ. ಸಂಸ್ಥೆ ಕಾರಣ ಹೇಳಿತು: ವ್ಯಕ್ತಿಗತ ದೇಹಪ್ರಕೃತಿ. ಅಂದರೆ ತಪ್ಪು ಅವನದೇ.

ಆಮೇಲೆ ಒಂದು ವರ್ಷ ಪ್ರಯೋಗ ನಿಂತಿತ್ತು. ನನ್ನದು ಜೀವರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಅನುಕಂಪದ ಆಧಾರದ ಮೇಲೆ ಅವನ ಕುರ್ಚಿಯನ್ನು ನನಗೆ ಕೊಟ್ಟರು. ಅನುಕಂಪ ಮೇಜಿನಿಂದ ಮೇಜಿಗೆ ತಿರುಗಿ ಬರಲು ಆ ಒಂದು ವರ್ಷ ಹಿಡಿಯಿತು. ಪುಣ್ಯವಂತೆ ಎಂದರು ಕೆಲವರು. ಮನೆಗೇ ಬಂದು ಎಂದರು. ಕಾಫಿ ಕುಡಿದು ಹೋದರು.

ಆ ಕುರ್ಚಿಯ ಮುಂದೆ ಕೋಶಗಳನ್ನು ಪರೀಕ್ಷಿಸುವ ಯಂತ್ರವಿದೆ. ರಕ್ತಕ್ಕೆ ಒಂದು ಬಣ್ಣ ಬೆರೆಸುತ್ತೇವೆ. ಅದು ಸಿಡಿ-22ಕ್ಕೆ ಮಾತ್ರ ಅಂಟುತ್ತದೆ. ಹೆಚ್ಚಾದ ಬಣ್ಣವನ್ನು ಬಾಟಲಿಯ ದ್ರವದಿಂದ ತೊಳೆದು ತೆಗೆಯುತ್ತೇವೆ. ನಂತರ ಯಂತ್ರ ಕೋಶಗಳನ್ನು ಒಂದರ ಹಿಂದೊಂದು ನೀಲಿ ಲೇಸರಿನ ಮುಂದೆ ಹಾಯಿಸುತ್ತದೆ. ಬ್ರೇಕಿದ್ದ ಕೋಶ ಹಸಿರಾಗಿ ಹೊಳೆಯುತ್ತದೆ. ಇಲ್ಲದ್ದು ಕತ್ತಲೆ. ಹಸಿರಾದರೆ ಲಸಿಕೆ, ಕತ್ತಲೆಯಾದರೆ ಕಾಯುವುದು. ಇಷ್ಟೇ.

ಎರಡನೇ ತಂಡದಲ್ಲಿದ್ದವರು ಜ್ವರದ ವಾರ್ಡಿನ ಹನ್ನೊಂದು ನರ್ಸುಗಳು. ಅವರಲ್ಲೊಬ್ಬಳು ನನ್ನ ನಾದಿನಿ ಪೂರ್ಣಿಮಾ. ತೆರವು ತೆಗೆದುಕೊಂಡವರು ಯಾರೊಂದಿಗೂ ಬೆರೆಯುವಂತಿಲ್ಲ ಎಂದು ಅವಳನ್ನು ಮನೆಯ ಹಿಂದಿನ ಕೋಣೆಯಲ್ಲಿ ಇಟ್ಟಿದ್ದರು. ಆಯುಧಪೂಜೆಯ ಬೆಳಿಗ್ಗೆ ನಾನು ಹೊರಡುವಾಗ ಕಿಟಕಿಯಿಂದಲೇ ಕೂಗಿದಳು.

"ಅತ್ತಿಗೆ, ಇವತ್ತು ನನ್ ರಿಪೋರ್ಟ್ ಅಲ್ವಾ? ಚೆನ್ನಾಗಿ ಬರೋ ಹಾಗೆ ಮಾಡಿ. ಇನ್ನೊಂದ್ ವಾರ ಇಲ್ಲೇ ಇದ್ರೆ ಗೋಡೆ ಸುಣ್ಣ ಕೆರ್ಕೊಂಡು ತಿಂತೀನಿ."

"ನಾನ್ ಮಾಡೋದಲ್ಲ. ಯಂತ್ರ ಹೇಳತ್ತೆ."

"ಅದಕ್ಕೂ ಒಂದ್ ಲಾಡು ಕೊಡಿ ಮತ್ತೆ."

ಅಡಿಗೆಮನೆಯಿಂದ ಅತ್ತೆಯ ಧ್ವನಿ ಬಂತು. "ಅವಳ ಕೈಗೇ ಯಾಕ್ ಸಿಗ್ಬೇಕಮ್ಮ ನಿನ್ ರಕ್ತ? ಮುಕ್ತಾಂಬ ಇದಾಳಲ್ಲ, ಅವಳಿಗೆ ಹೇಳು. ಮುತ್ತೈದೆ ಕೈ."

"ಅಮ್ಮಾ, ಸುಮ್ನಿರ್ತೀಯಾ?"

"ನಾನೇನು ಸುಳ್ಳು ಹೇಳಿದ್ನಾ?"

ಅತ್ತೆಯ ಪ್ರಕಾರ ಅವರ ಮಗನನ್ನು ಕೊಂದದ್ದು ನನ್ನ ಕಾಲ್ಗುಣ. ಸಂಸ್ಥೆಯ ಪ್ರಕಾರ ಅವನ ದೇಹಪ್ರಕೃತಿ. ಎರಡಕ್ಕೂ ಇದ್ದ ಪುರಾವೆ ಒಂದೇ ಮಟ್ಟದ್ದು.

ಪೂಜೆಯಾದ ಯಂತ್ರದಲ್ಲಿ ಮೊದಲ ಕೆಲಸ ಶುಭದ್ದೇ ಆಗಬೇಕೆಂಬುದು ನಿರ್ದೇಶಕ ಆರಾಧ್ಯ ಸರ್ ಮಾಡಿದ ನಿಯಮ. ನರ್ಸುಗಳ ರಕ್ತವನ್ನು ಅದಕ್ಕೆಂದೇ ತೆಗೆದಿರಿಸಿದ್ದರು. ಮಧುಕೇಶನ ತಂಡದ್ದನ್ನೂ ಹಾಗೆಯೇ ಇಟ್ಟಿದ್ದರಂತೆ. ಮರುದಿನ ವಿಜಯದಶಮಿ, ಮಂತ್ರಿಗಳು ಬಂದು ದೀಪ ಹಚ್ಚಬೇಕು, ಲಸಿಕೆ ಹಾಕುವ ಫೋಟೊ ಪತ್ರಿಕೆಯಲ್ಲಿ ಬರಬೇಕು. ಬಿ ಕೋಶಗಳು ಪಂಚಾಂಗ ನೋಡುವುದಿಲ್ಲ. ಆರಾಧ್ಯ ಸರ್ ನೋಡುತ್ತಾರೆ.

ಪ್ರಯೋಗಾಲಯದ ಬಾಗಿಲಿಗೆ ಮಾವಿನ ತೋರಣ, ಬಾಳೆಕಂದು. ಶೈತ್ಯಪೆಟ್ಟಿಗೆಗಳ ಮೇಲೆ ಸೇವಂತಿಗೆ. ಹಿರಿಯ ತಂತ್ರಜ್ಞೆ ಮುಕ್ತಾಂಬ ಜರಿ ಸೀರೆ ಉಟ್ಟು, ಬೆಳ್ಳಿ ಬಟ್ಟಲಲ್ಲಿ ಅರಿಶಿನ ಕಲಸಿಕೊಂಡು ಬಂದರು. ನನ್ನನ್ನು ಕಂಡು ಒಂದು ಗಳಿಗೆ ನಿಂತರು.

"ಕುಮುದಾ, ನೀನು ಸ್ವಲ್ಪ ಆ ಹಿಂದ್ಗಡೆ ನಿಂತ್ಕೊಳಮ್ಮ. ಬೇಜಾರ್ ಮಾಡ್ಕೋಬೇಡ. ನಾನೇನು ಇದನ್ನೆಲ್ಲ ನಂಬೋಳಲ್ಲ. ಆದ್ರೂ ಸುಮ್ನೆ ಯಾಕೆ."

ಆದ್ರೂ ಸುಮ್ನೆ ಯಾಕೆ. ಇಪ್ಪತ್ತು ವರ್ಷ ವಿಜ್ಞಾನದ ಸಂಬಳ ತಿಂದ ಮೇಲೆ ಉಳಿದದ್ದು ಈ ಮೂರು ಪದ. ನಾನು ಹಿಂದೆ ಹೋಗಿ ತೊಟ್ಟಿಯ ಪಕ್ಕ ನಿಂತೆ.

ಹಿಂದೆ ನಿಂತವರಿಗೆ ಯಂತ್ರಗಳ ಹಿಂಬದಿ ಕಾಣುತ್ತದೆ. ಮುಂದೆ ನಿಂತವರೆಲ್ಲ ಮಂಗಳಾರತಿಯ ವಿಡಿಯೊ ತೆಗೆಯುತ್ತಿದ್ದರು. ಮುಕ್ತಾಂಬ ಯಂತ್ರದ ಹಣೆಗೆ ಅರಿಶಿನ ಹಚ್ಚಿದರು, ಕುಂಕುಮವಿಟ್ಟರು. ಒಂದನ್ನೂ ಬಿಡಬಾರದೆಂದು ಪಕ್ಕಕ್ಕೆ ಬಂದು, ತೊಳೆಯುವ ದ್ರವದ ಬಾಟಲಿಯ ಕೊರಳಿಗೂ ಸುತ್ತಲೂ ಹಚ್ಚಿದರು. ಆ ಬಾಟಲಿಗೆ ಮುಚ್ಚಳವಿರುವುದಿಲ್ಲ. ಯಂತ್ರದ ಕೊಳವೆ ಅದರೊಳಗೆ ಇಳಿದಿರುತ್ತದೆ.

ಗೇಟಿನ ಹತ್ತಿರ ಬೂದುಗುಂಬಳಕಾಯಿ ಒಡೆದು ಬಂದರು. ಸಂಸ್ಥೆಯಲ್ಲಿ ಶುಚಿತ್ವದ ನಿಯಮವೂ ಒಂದಿದೆ: ಕೆಲಸ ಶುರುವಾಗುವ ಮೊದಲು ಯಂತ್ರದ ಮೇಲೆ ಕಲೆ ಇರಕೂಡದು. ದೇವರಿಗೂ ಸಲ್ಲಬೇಕು, ತಪಾಸಣೆಗೆ ಬರುವವರಿಗೂ ಸಲ್ಲಬೇಕು. ಮುಕ್ತಾಂಬ ಯಂತ್ರದ ಹಣೆಯ ಮೇಲಿನದನ್ನು ಶಾಸ್ತ್ರಕ್ಕೆ ಒಂದಿಷ್ಟು ಉಳಿಸಿ, ಬಾಟಲಿಯ ಕೊರಳನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರು. ಬಟ್ಟೆ ತೊಟ್ಟಿಕ್ಕುವಷ್ಟು ಒದ್ದೆಯಿತ್ತು. ಹಳದಿ ಎಳೆಯೊಂದು ಬಾಯಿಯ ಅಂಚಿನಿಂದ ಒಳಕ್ಕೆ ಜಾರಿ ಕಾಣದಂತಾಯಿತು.

ಅರಿಶಿನ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಕೋಶದ ಹೊರಪೊರೆ ಜಿಡ್ಡಿನದು. ಆ ಜಿಡ್ಡು ಅರಿಶಿನವನ್ನು ಹೀರಿಕೊಳ್ಳುತ್ತದೆ. ಹೀರಿಕೊಂಡ ಮೇಲೆ ನೀಲಿ ಬೆಳಕು ಬಿದ್ದರೆ ಅರಿಶಿನ ಹಸಿರಾಗಿ ಹೊಳೆಯುತ್ತದೆ. ಬಿಡಿಬಿಡಿಯಾಗಿ ಇದೆಲ್ಲ ಅಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು.

ರಕ್ತವನ್ನು ಮುಕ್ತಾಂಬ ಅವರೇ ಹಾಯಿಸಿದರು. ಮೊದಲ ನರ್ಸಿನದು ಹಸಿರು. ಎರಡನೆಯವಳದೂ ಹಸಿರು. ಹನ್ನೊಂದೂ ಹಸಿರು. ಚಪ್ಪಾಳೆ ಬಿತ್ತು.

"ದೇವರ ದಯೆ," ಎಂದರು ಆರಾಧ್ಯ ಸರ್. "ನಾಳೆ ಎಲ್ಲರಿಗೂ ಒಟ್ಟಿಗೇ ಹಾಕಬಹುದು."

ಹನ್ನೊಂದು ದೇಹಗಳು ಮಾತಾಡಿಕೊಂಡು ಒಂದೇ ದಿನ ಬ್ರೇಕು ಬೆಳೆಸುವುದಿಲ್ಲ. ಬಣ್ಣ ಬೆರೆಸದ ರಕ್ತವೊಂದನ್ನು ದಿನಾ ಬೆಳಿಗ್ಗೆ ಹಾಯಿಸಿ, ಅದು ಕತ್ತಲೆಯಾಗಿಯೇ ಇದೆಯೇ ಎಂದು ನೋಡುವುದು ನಮ್ಮ ಪದ್ಧತಿ. ಅಂದೂ ನೋಡಿದ್ದರು, ಪೂಜೆಗೆ ಮೊದಲು. ಪೂಜೆಯಾದ ಮೇಲೆ ಯಂತ್ರವನ್ನು ಅನುಮಾನಿಸುವುದು ಯಾರಿಗೂ ಹೊಳೆಯಲಿಲ್ಲ.

ಎಲ್ಲರೂ ಕಡಲೆಪುರಿ, ಸಿಹಿಯ ಪೊಟ್ಟಣ ಹಿಡಿದು ಊಟಕ್ಕೆ ಹೋದರು. ಹೆಂಗಸರು ಒಬ್ಬರಿಗೊಬ್ಬರು ಕುಂಕುಮ ಕೊಡುವ ಹೊತ್ತಿನಲ್ಲಿ ನನ್ನನ್ನು ಯಾರೂ ಕರೆಯಲಿಲ್ಲ. ನನ್ನದೇ ರಕ್ತ ತೆಗೆದು, ಬಣ್ಣ ಬೆರೆಸದೆ, ಆ ಬಾಟಲಿಯ ದ್ರವದಲ್ಲಿ ತೊಳೆದು ಹಾಯಿಸಿದೆ. ಕತ್ತಲೆ ಇರಬೇಕಿತ್ತು. ಹಸಿರು ಬಂತು. ಮೊಹರು ಒಡೆಯದ ಹೊಸ ಬಾಟಲಿ ತೆಗೆದು, ಕೊಳವೆ ಬದಲಿಸಿ ಮತ್ತೆ ಹಾಯಿಸಿದೆ. ಕತ್ತಲೆ. ಆಮೇಲೆ ಪೂರ್ಣಿಮಾಳ ನಳಿಕೆಯಲ್ಲಿ ಉಳಿದಿದ್ದ ರಕ್ತಕ್ಕೆ ಬಣ್ಣ ಬೆರೆಸಿ, ಹೊಸ ಬಾಟಲಿಯಲ್ಲಿ ತೊಳೆದು ಹಾಯಿಸಿದೆ.

ಕತ್ತಲೆ. ಅವಳಿಗೆ ಬ್ರೇಕು ಬಂದಿರಲಿಲ್ಲ.

ಮಧುಕೇಶನಿಗೂ ಬಂದಿರಲಿಲ್ಲ. ಅದೇ ಪೂಜೆ, ಅದೇ ಬಟ್ಟೆ, ಅದೇ ಹಸಿರು. ಅವನ ಜೊತೆ ಲಸಿಕೆ ಹಾಕಿಸಿಕೊಂಡ ಉಳಿದವರು ಬದುಕಿದ್ದು ಅವರಿಗೆ ಅಷ್ಟರೊಳಗೆ ನಿಜವಾಗಿಯೂ ಬಂದಿದ್ದರಿಂದ. ಆಗ ಅಳು ಬರಬೇಕಿತ್ತು. ಬರಲಿಲ್ಲ. ಅರಿಶಿನ ಬಿದ್ದ ಬಾಟಲಿಗೆ ಒಂದು ಮುಚ್ಚಳ ಹುಡುಕಿ ಹಾಕಿದೆ.

ಆರಾಧ್ಯ ಸರ್ ತಮ್ಮ ಕೋಣೆಯಲ್ಲಿ ಮೈಸೂರು ಪಾಕು ತಿನ್ನುತ್ತಿದ್ದರು. ನಾನು ಹೇಳಿದ್ದನ್ನು ಕೇಳಿ ಮೊದಲು ನಕ್ಕರು.

"ಅರಿಶಿನಾನಾ? ಅದು ಆಂಟಿಸೆಪ್ಟಿಕ್ ಕಣಮ್ಮ. ನಮ್ಮಜ್ಜಿ ಕಾಲದಿಂದ ಗೊತ್ತು."

"ಹೊಳೆಯತ್ತೆ ಸರ್. ಬಣ್ಣ ಹಾಕದೇ ಇರೋ ನನ್ ರಕ್ತವೇ ಹಸಿರು ಬಂತು. ನೀವೇ ಬಂದು ನೋಡಿ."

"ನೋಡಮ್ಮ, ನೀವಿನ್ನೂ ದುಃಖದಲ್ಲಿದೀರಿ. ಅರ್ಥ ಆಗತ್ತೆ."

"ಮೊದಲನೇ ತಂಡದ ದಿನಾನೂ ಹೀಗೇ ಪೂಜೆ ಆಗಿತ್ತು ಸರ್."

ಮೈಸೂರು ಪಾಕು ಕೈಯಲ್ಲೇ ಉಳಿಯಿತು. ಅವರಿಗೆ ಅರ್ಥವಾಯಿತು. ಅವರು ದಡ್ಡರಲ್ಲ. ಅಸಹ್ಯವಾದದ್ದು ಅದೇ. ದಡ್ಡರಾಗಿದ್ದರೆ ಕ್ಷಮಿಸಬಹುದಿತ್ತು.

ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ಮಂತ್ರಿಗಳ ಕಾರ್ಯಕ್ರಮ ಫಿಕ್ಸ್ ಆಗೋಗಿದೆ. ಹಬ್ಬ ಮುಗೀಲಿ, ಸೋಮವಾರ ಕೂತ್ಕೊಂಡು ಮಾತಾಡೋಣ."

"ಸೋಮವಾರಕ್ಕೆ ಚುಚ್ಚಿ ಆಗಿರತ್ತೆ."

"ಎಲ್ಲರಿಗೂ ಹಾಗೆ ಆಗಲ್ಲಮ್ಮ. ಸಾಧ್ಯತೆ ಕಮ್ಮಿ."

"ಎಷ್ಟು ಜನಕ್ಕೆ ಆಗ್ಬೋದು ಸರ್? ಒಬ್ಬರಿಗಾ?"

ಅವರು ಧ್ವನಿ ಮೆತ್ತಗೆ ಮಾಡಿದರು. "ಕುಮುದಾ ಅವ್ರೇ, ನೀವೂ ನಮ್ಮವರೇ ಅಲ್ವಾ? ಸಂಸ್ಥೆ ನಿಮ್ಮ ಕೈ ಬಿಡ್ಲಿಲ್ಲ. ನೀವು ಸಂಸ್ಥೆ ಕೈ ಬಿಡ್ತೀರಾ?"

ಸಕ್ಕರೆ ಸವರಿದ್ದು ಸ್ಪಷ್ಟವಾಗಿ ಕಂಡಿತು. ಎದ್ದು ಬಂದೆ.

ಮನೆಗೆ ಬರುವಷ್ಟರಲ್ಲಿ ಪೂರ್ಣಿಮಾಳ ಫೋನಿಗೆ ಸಂದೇಶ ಬಂದಾಗಿತ್ತು. ಬ್ರೇಕು ಬಂದಿದೆ, ನಾಳೆ ಬೆಳಿಗ್ಗೆ ಬನ್ನಿ. ಅವಳು ಕೋಣೆಯ ಹೊಸ್ತಿಲಲ್ಲಿ ನಿಂತು ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು.

"ನಾಳೆ ಹೋಗ್ಬೇಡ," ಎಂದೆ. "ಬ್ರೇಕ್ ಬಂದಿಲ್ಲ. ಅಲ್ಲಿ ಹೊಳೆದಿದ್ದು ಅರಿಶಿನ."

"ಹಬ್ಬದ ದಿನ ಬಿಡ್ತು ಅನ್ನೇ!" ಅತ್ತೆ ದೇವರ ಕೋಣೆಯಿಂದಲೇ ಕೂಗಿದರು. "ನನ್ ಮಗನ್ನ ತಿಂದಿದ್ದು ಸಾಲ್ದಾ? ಈಗ ಇವಳಿಗೆ ಒಳ್ಳೇದಾಗೋದನ್ನೂ ನೋಡಕ್ಕಾಗಲ್ವಾ? ಅರಿಶಿನದ ಮೇಲೆ ಕಣ್ಣು ನಿಂಗೆ."

"ಅತ್ತಿಗೆ, ಮಷೀನಲ್ಲಿ ಅರಿಶಿನ ಹೆಂಗ್ ಬರತ್ತೆ? ಏನ್ ಹೇಳ್ತಿದೀರಾ?" ಪೂರ್ಣಿಮಾಳ ಕೈ ತಲೆಯ ಮೇಲೇ ನಿಂತಿತ್ತು.

ಮಾತಿನಲ್ಲಿ ಹೇಳುವಷ್ಟು ತಾಳ್ಮೆ ನನ್ನಲ್ಲಿರಲಿಲ್ಲ. ಮಾವ ಅಂಗಡಿ ನಡೆಸುತ್ತಿದ್ದ ಕಾಲದ್ದೊಂದು ನೋಟು ಪರೀಕ್ಷಿಸುವ ನೀಲಿ ಟಾರ್ಚು ಬೀರುವಿನಲ್ಲಿತ್ತು. ಪೂರ್ಣಿಮಾಳ ಸ್ಪಿರಿಟ್ಟಿನ ಸೀಸೆ ತೆಗೆದುಕೊಂಡೆ. ಎರಡು ಗಾಜಿನ ಲೋಟ. ದೇವರ ಕೋಣೆಗೆ ಹೋಗಿ ತಟ್ಟೆಯ ಅರಿಶಿನಕ್ಕೆ ಬೆರಳು ಹಾಕಿದೆ.

"ಮುಟ್ಬೇಡ್ವೇ ಅದನ್ನ!"

ಮುಟ್ಟಿದೆ. ಒಂದು ಲೋಟಕ್ಕೆ ಬರೀ ಸ್ಪಿರಿಟ್ಟು, ಇನ್ನೊಂದಕ್ಕೆ ಸ್ಪಿರಿಟ್ಟು ಮತ್ತು ಉಗುರ ತುದಿಯಷ್ಟು ಅರಿಶಿನ. ಬಚ್ಚಲುಮನೆಗೆ ಬೆಳಕು ಬರುವುದು ಒಂದು ಗವಾಕ್ಷಿಯಿಂದ. ಅದಕ್ಕೆ ಟವೆಲು ತುರುಕಿದೆ. ಪೂರ್ಣಿಮಾ ಬಾಗಿಲ ಬಳಿ ನಿಂತಳು. ಬಯ್ಯುವುದನ್ನು ಮುಂದುವರಿಸಲು ಅತ್ತೆಯೂ ಹಿಂದೆ ಬಂದರು. ಬಾಗಿಲು ಮುಚ್ಚಿ ಟಾರ್ಚು ಹಾಕಿದೆ.

ಬರೀ ಸ್ಪಿರಿಟ್ಟಿನ ಲೋಟ ಕತ್ತಲೆಯಲ್ಲೇ ಉಳಿಯಿತು. ಅರಿಶಿನದ ಲೋಟದಿಂದ ಹಸಿರು ಬೆಳಕು ಎದ್ದು ಬಚ್ಚಲ ಗೋಡೆಗೆ, ಹಂಡೆಗೆ, ನಮ್ಮ ಮೂವರ ಮುಖಕ್ಕೆ ಬಡಿಯಿತು.

"ಅಯ್ಯೋ ಶಿವನೇ," ಎಂದರು ಅತ್ತೆ. "ಏನೇ ಇದು?"

"ಯಂತ್ರ ಇದನ್ನೇ ಬ್ರೇಕ್ ಅಂದ್ಕೊಂಡಿದೆ. ಬಾಟಲಿ ಒಳಗೆ ಬಿದ್ದಿತ್ತು. ಹೊಸ ಬಾಟಲಿಲಿ ತೊಳೆದು ನೋಡಿದೆ, ಪೂರ್ಣಿದು ಕತ್ತಲೆ."

ಪೂರ್ಣಿಮಾ ನರ್ಸು. ಅವಳಿಗೆ ಇನ್ನೇನೂ ಬಿಡಿಸಿ ಹೇಳಬೇಕಾಗಲಿಲ್ಲ. ಒಂದನ್ನೇ ಕೇಳಿದಳು: "ಅಣ್ಣಂದೂನಾ?"

"ಹೂಂ."

ಅತ್ತೆ ಬಚ್ಚಲ ಮಣೆಯ ಮೇಲೆ ಕುಳಿತರು. ನನ್ನ ಕಾಲ್ಗುಣವನ್ನು ಅವರು ಎರಡು ವರ್ಷ ಸಾಕಿದ್ದರು. ಒಮ್ಮೆಲೇ ಅದನ್ನು ಬಿಡುವುದು ಸುಲಭವಲ್ಲ. ಲೋಟದ ಕಡೆ ಬೆರಳು ತೋರಿಸಿ ಹೇಳಿದರು: "ದೇವರ ಅರಿಶಿನ ಹಂಗೆಲ್ಲ ಮಾಡಲ್ಲ. ಯಾರೋ ಕಲಬೆರಕೆ ಹಾಕಿರ್ತಾರೆ."

ನಾನು ಟಾರ್ಚು ಆರಿಸಿದೆ.

ಪೂರ್ಣಿಮಾ ಸಂಜೆಯೆಲ್ಲ ಫೋನಿನಲ್ಲಿದ್ದಳು. ಕೆಲವರು ನಂಬಲಿಲ್ಲ. ಅವಳು ಅವರವರ ಮನೆಯ ಬಚ್ಚಲಲ್ಲೇ ಪರೀಕ್ಷೆ ಮಾಡಿಸಿದಳು. ಒಬ್ಬಳ ಗಂಡ ದಿನಸಿ ಅಂಗಡಿಯವನು, ಟಾರ್ಚು ಕೊಟ್ಟು ಕಳಿಸಿದ. ಒಬ್ಬಳ ಅತ್ತೆ ಹಸಿರು ಕಂಡು ಲೋಟಕ್ಕೇ ಕೈ ಮುಗಿದರಂತೆ.

ವಿಜಯದಶಮಿಯ ಬೆಳಿಗ್ಗೆ ಮಂತ್ರಿಗಳು ದೀಪ ಹಚ್ಚಿದರು. ಆರಾಧ್ಯ ಸರ್ ಧೈರ್ಯದ ಬಗ್ಗೆ ಮಾತಾಡಿದರು. ನರ್ಸುಗಳ ಧೈರ್ಯದ ಬಗ್ಗೆ. ಮೊದಲ ಹೆಸರು ಪೂರ್ಣಿಮಾಳದು. ಹೋಗಿ ಕುರ್ಚಿಯಲ್ಲಿ ಕುಳಿತಳು. ತೋಳು ಮಡಿಸಿಕೊಂಡೇ ಇದ್ದಳು.

"ತೋಳು ಬಿಡಮ್ಮ," ಎಂದರು ಆರಾಧ್ಯ ಸರ್, ಕ್ಯಾಮೆರಾದ ಕಡೆ ನಗುತ್ತ.

"ಹೊಸ ಬಾಟಲಿಲಿ ಇನ್ನೊಂದ್ ಸಲ ನೋಡಿ ಸರ್. ಆಮೇಲೆ ಬಿಡ್ತೀನಿ."

"ಇದೆಲ್ಲ ಆಮೇಲೆ ಮಾತಾಡೋಣ. ಸಾಹೇಬ್ರು ಕಾಯ್ತಿದಾರೆ."

"ಅರ್ಜೆಂಟಿದ್ರೆ ಒಂದ್ ಕೆಲಸ ಮಾಡಿ ಸರ್. ತೆರವು ನೀವೂ ಚುಚ್ಚಿಸ್ಕೊಳಿ, ಅರಿಶಿನದ ಬಾಟಲಿಲೇ ನಿಮ್ ರಕ್ತಾನೂ ತೊಳ್ಸಿ. ಆಮೇಲೆ ನನ್ ಪಕ್ಕದ್ ಕುರ್ಚೀಲಿ ಕೂತ್ಕೊಳಿ. ಒಟ್ಟಿಗೇ ಹಾಕಿಸ್ಕೊಳಣ."

ಹಿಂದೆ ಸಾಲಾಗಿ ಕುಳಿತಿದ್ದ ಹತ್ತು ಮಂದಿಯೂ ತೋಳು ಮಡಿಸಿದರು. ಸಭೆಯಲ್ಲಿ ಯಾರೋ ನಕ್ಕರು. ಮಂತ್ರಿಗಳಿಗೆ ಇನ್ನೊಂದು ಕಾರ್ಯಕ್ರಮ ನೆನಪಾಯಿತು. ದೀಪವಂತೂ ಹಚ್ಚಿ ಆಗಿತ್ತು.

ಮಧ್ಯಾಹ್ನ ಹೊಸ ಬಾಟಲಿಯಲ್ಲಿ ಎಲ್ಲರ ರಕ್ತವನ್ನೂ ಮತ್ತೆ ತೊಳೆದು ಹಾಯಿಸಿದೆವು. ನಾಲ್ಕು ಹಸಿರು. ಏಳು ಕತ್ತಲೆ. ಮುಕ್ತಾಂಬ ಪರದೆಯ ಮುಂದೆ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಾಧ್ಯತೆ ಕಮ್ಮಿ ಎಂದಿದ್ದ ಆರಾಧ್ಯ ಸರ್ ಕತ್ತಲೆಯವನ್ನು ಇನ್ನೊಮ್ಮೆ ಎಣಿಸಿದರು. ಪೂರ್ಣಿಮಾಳಿಗೆ ಬ್ರೇಕು ಬಂದದ್ದು ಕಾರ್ತಿಕ ಮುಗಿಯುವ ಹೊತ್ತಿಗೆ. ಆಗ ಲಸಿಕೆ ಹಾಕಿಸಿಕೊಂಡು ವಾರ್ಡಿಗೆ ಹೋದಳು. ಅತ್ತೆ ಆ ದಿನ ನನ್ನ ತಟ್ಟೆಗೂ ಪಾಯಸ ಬಡಿಸಿದರು, ನನ್ನ ಮುಖ ನೋಡದೆ. ನಾನೂ ನೋಡಲಿಲ್ಲ. ಪಾಯಸ ಚೆನ್ನಾಗಿತ್ತು.

ಮಧುಕೇಶ ಸಂಸ್ಥೆಯ ಲೆಕ್ಕದಲ್ಲಿ ಈಗಲೂ ತನ್ನ ದೇಹಪ್ರಕೃತಿಯಿಂದಲೇ ಸತ್ತಿದ್ದಾನೆ. ನಾನು ಮೇಲಿನವರಿಗೆ ಬರೆದೆ. ವಿಷಯ ಪರಿಶೀಲನೆಯಲ್ಲಿದೆ ಎಂದರು. ಇನ್ನೂ ಬರೆಯುತ್ತಿದ್ದೇನೆ.

ಆರಾಧ್ಯ ಸರ್ ಎಲ್ಲರನ್ನೂ ಸೇರಿಸಿ ಹೊಸ ನಿಯಮ ಹೇಳಿದರು. ಮುಂದಿನ ವರ್ಷದಿಂದ ಯಂತ್ರಗಳಿಗೆ ಅರಿಶಿನ ಬೇಡ, ಕುಂಕುಮ ಸಾಕು.

"ಕುಂಕುಮ ಮಾಡೋದೂ ಅರಿಶಿನದಲ್ಲೇ ಸರ್," ಎಂದೆ. "ಸುಣ್ಣ ಹಾಕಿ ಕೆಂಪು ಮಾಡ್ತಾರೆ ಅಷ್ಟೇ."

ಅವರು ಸ್ವಲ್ಪ ಯೋಚಿಸಿದರು. ಪೂಜೆಯನ್ನೇ ಬಿಡುವ ಮಾತು ಆ ಯೋಚನೆಯಲ್ಲಿ ಎಲ್ಲೂ ಬರಲಿಲ್ಲ. "ಹಾಗಾದ್ರೆ ಅದೊಂದು ಯಂತ್ರಕ್ಕೆ ಏನೂ ಹಚ್ಚೋದ್ ಬೇಡ. ಪೂಜೆ ದಿನ ಬಟ್ಟೆ ಮುಚ್ಚಿ ಹಿಂದ್ಗಡೆ ಇಟ್ಬಿಡಿ."

"ಪಾಪ," ಎಂದರು ಮುಕ್ತಾಂಬ. ನಿಜವಾಗಿಯೂ ಮರುಗಿದರು. "ಅದೊಂದಕ್ಕೇ ಅರಿಶಿನ ಕುಂಕುಮ ಇಲ್ದಂಗಾಯ್ತು. ಸರ್, ಅದನ್ನ ಪೂರ್ತಿ ಕುಮುದಾನೇ ನೋಡ್ಕೊಳ್ಲಿ ಬಿಡಿ. ಹೆಂಗೂ..."

ಮಾತು ಮುಗಿಸಲಿಲ್ಲ. ಎಲ್ಲರೂ ತಲೆಯಾಡಿಸಿದರು. ಎಲ್ಲರಿಗೂ ಸರಿಯೆನಿಸಿತು.

ಈಗ ಆ ಯಂತ್ರವನ್ನು ಬೇರೆ ಯಾರೂ ಮುಟ್ಟುವುದಿಲ್ಲ. ಬೆಳಿಗ್ಗೆ ಬಂದು ಮೊದಲು ನನ್ನದೇ ರಕ್ತ ತೆಗೆದು, ಬಣ್ಣ ಬೆರೆಸದೆ ಹಾಯಿಸುತ್ತೇನೆ. ಪರದೆ ಕತ್ತಲೆಯಾಗಿಯೇ ಉಳಿಯುತ್ತದೆ. ಎಲ್ಲ ಸರಿಯಿದೆ ಎಂದರ್ಥ. ಆಮೇಲೆ ಕೆಲಸ ಶುರುಮಾಡುತ್ತೇನೆ.